ಬೋನಿಗೆ ಬಿದ್ದ ಬೀಗರು

ಮುಕಾಶನಿಗೆ ಮೋಸ ಮಾಡುವುದು ಯಾರಿಂದಲೂ ಆಗದು ಎಂಬ ಮಾತು ಹಿಮದ ಬೆಟ್ಟಗಳ ನಡುವಿನ ಕೋಚ್ಕೋರ್ ಊರಿನಲ್ಲಿ ಚಾಲ್ತಿಗೆ ಬಂದು ಒಂದು ವರ್ಷವಾಗಿತ್ತು. ಚಾಲ್ತಿಗೆ ತಂದವನು ಮುಕಾಶನೇ. ಕಾಲುವೆ ನೀರಿನ ಸಂಘಕ್ಕೆ ಅವನು ಕಾರ್ಯದರ್ಶಿ. ನೀರಿನ ಸರದಿ ಕೇಳಲು ಬಂದವರೆಲ್ಲ ಅದನ್ನು ಕೇಳಿಸಿಕೊಂಡೇ ಹೋಗಬೇಕಾಗಿತ್ತು.

ಈ ಖ್ಯಾತಿಗೆ ಮೂಲ ಒಂದು ಇಮೇಲ್. ಯಾವುದೋ ದೇಶದಿಂದ ಯಾವನೋ ಬರೆದಿದ್ದ: ಮಾನ್ಯರೇ, ತಾವೂ ತಮ್ಮ ಕುಟುಂಬದವರೂ ಕ್ಷೇಮವೆಂದು ನಂಬಿದ್ದೇನೆ, ನನ್ನ ಚಿಕ್ಕಪ್ಪ ತೀರಿಹೋದರು, ಅವರ ಅಪಾರ ಆಸ್ತಿಯನ್ನು ಪ್ರಾಮಾಣಿಕರೊಬ್ಬರ ಕೈಗೆ ಒಪ್ಪಿಸಬೇಕಾಗಿದೆ. ಆಸ್ತಿಯ ಮಾತನ್ನು ಮುಕಾಶ್ ನಂಬಲಿಲ್ಲ. ಆದರೆ ಕ್ಷೇಮ ಕೇಳಿದವರಿಗೆ ಉತ್ತರ ಕೊಡದೆ ಇರುವುದು ಅವನು ಹುಟ್ಟಿ ಬೆಳೆದ ಮನೆಯಲ್ಲಿ ಕಂಡು ಕೇಳದ ಸಂಗತಿ. ಅದೂ ಸಾವಾದ ಮನೆಯವರಿಗೆ. ಅವನು ಬರೆದ: ನಾವು ಕ್ಷೇಮ. ನಿಮ್ಮ ಕುರಿ ಕುದುರೆಗಳು ಹೇಗಿವೆ? ಈ ಸಲ ಹಿಮ ಸಾಕಷ್ಟು ಬಿತ್ತೇ? ಚಿಕ್ಕಪ್ಪನವರದು ಯಾವ ಕುಲ? ಆ ಮನುಷ್ಯ ಬ್ಯಾಂಕಿನ ವಿವರ ಕೇಳಿದ. ಕುರಿಗಳ ವಿಷಯಕ್ಕೆ ನೀವು ಉತ್ತರಿಸಲಿಲ್ಲ, ಏನಾದರೂ ಕಾಯಿಲೆಯೇ ಎಂದು ಮುಕಾಶ್ ಕೇಳಿದ. ಹೀಗೆ ಚಳಿಗಾಲದ ಬಹುಭಾಗ ಕಳೆಯಿತು. ಕೊನೆಗೆ ಆ ಮನುಷ್ಯ, ದಯವಿಟ್ಟು ಇನ್ನು ನನಗೆ ಬರೆಯಬೇಡಿ ಎಂಬ ಒಂದೇ ಸಾಲು ಕಳಿಸಿ ಮಾಯವಾದ. ಆ ಸಾಲನ್ನು ಮುಕಾಶ್ ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಕಚೇರಿಯ ಗೋಡೆಗೆ ಅಂಟಿಸಿದ. "ಕಳ್ಳನೇ ಕೈಮುಗಿದು ಹೋದ, ನೋಡಿ," ಎಂದು ಬಂದವರಿಗೆಲ್ಲ ತೋರಿಸಿದ.

ಆದರೆ ಅಲ್ಲಿಂದಾಚೆಗೆ ಜಗತ್ತಿನ ಉಳಿದ ಕಳ್ಳರೆಲ್ಲ ಅವನಿಗೆ ಬರೆಯತೊಡಗಿದರು. ಲಾಟರಿ, ಕೂದಲು ಬೆಳೆಸುವ ಎಣ್ಣೆ, ಸತ್ತುಹೋದ ಸೇನಾಪತಿಗಳ ಚಿನ್ನ.

"ನೀವು ಉತ್ತರ ಬರೆದ್ರಲ್ಲ ಬೈಕೆ, ಈ ವಿಳಾಸದಲ್ಲಿ ಒಬ್ಬ ಮನುಷ್ಯ ಬದುಕಿದಾನೆ ಅಂತ ಅವರಿಗೆಲ್ಲ ಗೊತ್ತಾಗಿಹೋಯ್ತು," ಎಂದಳು ಎದುರು ಮೇಜಿನ ಶಾರಿಪಾ. ಅವಳು ಸಂಘದ ಲೆಕ್ಕಪತ್ರ ನೋಡುವವಳು. ಮುಕಾಶನಿಗಿಂತ ಕೊಂಚವೇ ಚಿಕ್ಕವಳಾದರೂ ಕಚೇರಿಯಲ್ಲಿ ಅಣ್ಣ ಎಂಬ ಗೌರವಕ್ಕೆ ಬೈಕೆ ಎನ್ನುತ್ತಿದ್ದಳು. ಗೌರವವೆಲ್ಲ ಆ ಒಂದು ಪದದಲ್ಲೇ ಮುಗಿಯುತ್ತಿತ್ತು.

"ಬದುಕಿರೋದೂ ತಪ್ಪಾ?" ಎಂದ ಮುಕಾಶ್. "ಎಲ್ಲಾ ತಡೆದುಬಿಡು. ಎಷ್ಟು ಬಿಗಿಯಾಗುತ್ತೋ ಅಷ್ಟು ಬಿಗಿ ಮಾಡು."

ಶಾರಿಪಾ ಬಿಗಿ ಮಾಡಿದಳು. "ತುದಿವರೆಗೂ ಬಿಗಿ ಮಾಡಿದ್ರೆ ಒಳ್ಳೆವೂ ಸಿಕ್ಕಿಹಾಕ್ಕೊಳ್ತವೆ. ಆಗಾಗ ಈ ಸ್ಪ್ಯಾಮ್ ಅನ್ನೋ ಕಡೆ ಇಣುಕಿ ನೋಡ್ತಾ ಇರಿ."

"ತೋಳಕ್ಕೆ ಬೋನು ಇಟ್ಟವನು ಆಗಾಗ ಹೋಗಿ ತೋಳದ ಯೋಗಕ್ಷೇಮ ವಿಚಾರಿಸ್ತಾನಾ?"

"ಬೋನಲ್ಲಿ ಪಕ್ಕದ್ಮನೆ ನಾಯಿ ಬಿದ್ದಿದ್ರೆ?"

"ಒಳ್ಳೆ ನಾಯಿ ಬೋನಿಗೆ ಬೀಳಲ್ಲ," ಎಂದು ಮುಕಾಶ್ ವಿಷಯವನ್ನು ಮುಗಿಸಿದ.

ಅಂದಿನಿಂದ ರೊಟ್ಟಿ ಅಂಗಡಿಯ ಮುಂದೆ, ತಂದೂರಿನಿಂದ ರೊಟ್ಟಿ ಬರುವವರೆಗೆ ನಿಂತಿರುವವರಿಗೆ, ಅವನು ಕಳ್ಳಪತ್ರದ ಮೂರು ಲಕ್ಷಣಗಳನ್ನು ಬೋಧಿಸುತ್ತಿದ್ದ. ಒಂದು, ಅತಿಯಾಗಿ ಹೊಗಳುತ್ತದೆ. ಎರಡು, ಒಳ್ಳೆಯ ಸುದ್ದಿ ಇದೆ ಎನ್ನುತ್ತದೆ. ಮೂರು, ಸುದ್ದಿ ಹೇಳುವ ಮೊದಲು ಏನಾದರೂ ಕೊಡು ಎನ್ನುತ್ತದೆ. ಜನ ತಲೆದೂಗುತ್ತಿದ್ದರು. ರೊಟ್ಟಿ ಬಂದ ಕೂಡಲೇ ಹೊರಟುಹೋಗುತ್ತಿದ್ದರು.

ಆ ಚೈತ್ರದಲ್ಲಿ ಮುಕಾಶನ ಮಗಳು ಜಿಪಾರ್ ಹೆತ್ತಳು. ಮದುವೆಯಾಗಿ ಬಹಳ ಕಾಲ ಮಕ್ಕಳಾಗದೆ, ಆಸ್ಪತ್ರೆ ಹರಕೆಗಳೆಲ್ಲ ಆಗಿ, ಇನ್ನು ಯಾರೂ ಕೇಳುವುದನ್ನೇ ಬಿಟ್ಟ ಮೇಲೆ ಹುಟ್ಟಿದ ಗಂಡುಮಗು. ಅಳಿಯ ಫೋನು ಮಾಡಿ, "ಅತ್ತೆ, ಸುಯುಂಚು. ಮೊದಲು ಏನು ಕೊಡ್ತೀರಿ ಹೇಳಿ," ಎಂದ. ಮುಕಾಶನ ಹೆಂಡತಿ ಬುರುಲ್ ತನ್ನ ಒಳ್ಳೆಯ ಶಾಲನ್ನು ಕೊಡುತ್ತೇನೆಂದು ಒಪ್ಪಿದ ಮೇಲೆಯೇ ಸುದ್ದಿ ಬಿಟ್ಟ. ಒಳ್ಳೆಯ ಸುದ್ದಿ ತಂದವರು ಸುಯುಂಚು ಎಂದು ಕೂಗಿ ಉಡುಗೊರೆಗೆ ಒಪ್ಪಿಸಿಕೊಂಡೇ ಬಾಯಿ ಬಿಡುವುದು. ಕೊಡದೆ ಸುದ್ದಿ ಕೇಳಿದರೆ ಸಂತೋಷವನ್ನು ಕದ್ದಂತೆ. ಪಕ್ಕದಲ್ಲೇ ನಿಂತು ಇದನ್ನೆಲ್ಲ ಕೇಳಿ ಕಣ್ಣೊರೆಸಿಕೊಂಡ ಮುಕಾಶನಿಗೆ ತನ್ನ ಮೂರು ಲಕ್ಷಣಗಳು ನೆನಪಾಗಲಿಲ್ಲ.

ಮೊದಲ ಮಗುವಿಗೆ ತೊಟ್ಟಿಲು ತವರಿನಿಂದಲೇ ಹೋಗಬೇಕು. ಮುಕಾಶ್ ಒಳ್ಳೆಯ ಬಡಗಿಯಿಂದ ತೊಟ್ಟಿಲು ಮಾಡಿಸಿ, ಕೆಂಪು ಹಳದಿ ಬಣ್ಣ ಹಾಕಿಸಿ, ನಡುಮನೆಯ ಪೆಟ್ಟಿಗೆಯ ಮೇಲೆ ಇರಿಸಿದ. ಬುರುಲ್ ಹಾಸಿಗೆ, ಹೊದಿಕೆ, ಕಟ್ಟುವ ಪಟ್ಟಿಗಳನ್ನು ಹೊಲಿದಳು. ಇನ್ನು ತೊಟ್ಟಿಲಿಗೆ ಹಾಕುವ ದಿನವನ್ನು ಗಂಡಿನ ಕಡೆಯವರು ಗೊತ್ತುಮಾಡಿ ಕರೆಯಬೇಕು. ಕರೆ ಬರಬೇಕಾದದ್ದು ದೊಲೋನ್ ಕಣಿವೆಯ ಆಚೆ, ಅತ್‌ಬಾಶಿಯ ಬೀಗರು ಕಾಲ್ಮುರಾತ್ ಅವರಿಂದ. ಅವರು ನಿವೃತ್ತ ಪೋಸ್ಟ್‌ಮಾಸ್ಟರು. ಫೋನಿನಲ್ಲಿ ಆಡಿದ ಮಾತು ಮಾತೇ ಅಲ್ಲ, ಶುಭಕಾರ್ಯಕ್ಕೆ ಬರಹವೇ ಬೇಕು ಎನ್ನುವ ಪೈಕಿ.

ಮಗುವಿಗೆ ನಲವತ್ತು ದಿನ ತುಂಬಿತು. ಕರೆ ಬರಲಿಲ್ಲ.

"ಏನಂತೆ ಮುಕಾಶ್, ತೊಟ್ಟಿಲು ಇನ್ನೂ ಇಲ್ಲೇ ಇದೆ?" ಎಂದಳು ಪಕ್ಕದ ಮನೆಯ ತುರ್ದುಬುಬು, ಗೋಡೆಯ ಮೇಲಿಂದ. ಅವಳ ಕಣ್ಣಿಗೆ ಆ ಗೋಡೆ ಎಂದೂ ಅಡ್ಡಬಂದದ್ದಿಲ್ಲ.

"ಬೀಗರು ದಿನ ನೋಡ್ತಿದಾರೆ ಅಕ್ಕ."

"ಎಷ್ಟು ದಿನ ಅಂತ ನೋಡ್ತಾರೆ? ಹುಡುಗನ್ನ ಸೈನ್ಯಕ್ಕೆ ಕಳಿಸೋವಾಗ ತೊಟ್ಟಿಲಿಗೆ ಹಾಕ್ತಾರಾ?"

ಬುರುಲ್ ಫೋನು ಎತ್ತಿಕೊಂಡಳು. ಮುಕಾಶ್ ಅವಳ ಕೈ ಹಿಡಿದ. "ಬೇಡ. ನಾವಾಗಿ ಕೇಳಿದ್ರೆ, ನಮ್ಮನ್ನ ಕರೀರಿ ಅಂತ ಬಾಗಿಲಲ್ಲಿ ನಿಂತ ಹಾಗಾಗುತ್ತೆ. ಹೆಣ್ಣು ಕೊಟ್ಟಿದ್ದೀವಿ, ಮಾನ ಕೊಟ್ಟಿಲ್ಲ. ಮಗಳ ಹತ್ರ ಏನು ಬೇಕಾದ್ರೂ ಮಾತಾಡು, ತೊಟ್ಟಿಲಿನ ಸುದ್ದಿ ಮಾತ್ರ ಎತ್ತಬೇಡ."

ಅದೇ ಹೊತ್ತಿಗೆ ಕಣಿವೆಯ ಆಚೆ ಬೀಗರೂ ಸೊಸೆಗೆ, ತೊಟ್ಟಿಲನ್ನು ಎರಡು ಸಲ ಕೇಳಿದರೆ ಅದು ಉಡುಗೊರೆಯಲ್ಲ ಭಿಕ್ಷೆ, ತವರಿಗೆ ನೆನಪು ಮಾಡಕೂಡದು ಎಂದು ಕಟ್ಟಪ್ಪಣೆ ಮಾಡಿದ್ದರಂತೆ. ಇದು ತಿಳಿದದ್ದು ಆಮೇಲೆ. ಹೀಗಾಗಿ ತಾಯಿ ಮಗಳು ದಿನವೂ ಮಾತಾಡಿದರು. ಮಗು ಹಾಲು ಕುಡಿಯಿತೇ, ಕುಡಿಯಿತು. ನಿಮ್ಮಲ್ಲಿ ಗಾಳಿ ಇದೆಯೇ, ಇದೆ.

"ಎಲ್ಲಿ ಮಲಗಿಸ್ತೀಯಾ ಅವನನ್ನ?" ಎಂದು ಒಂದು ದಿನ ಬುರುಲ್ ಬಾಯಿ ತಪ್ಪಿ ಕೇಳಿಬಿಟ್ಟಳು.

"ನನ್ನ ಪಕ್ಕದಲ್ಲೇ ಅಮ್ಮಾ," ಎಂದಳು ಜಿಪಾರ್. "ಅಪ್ಪ ಹೇಗಿದಾರೆ? ಕಚೇರಿಗೆ ಹೋಗ್ತಾರಾ? ಬಂದಿದ್ದನ್ನೆಲ್ಲ ಓದ್ತಾರಾ?"

"ಎಲ್ಲಾ ಓದ್ತಾರೆ," ಎಂದಳು ಬುರುಲ್ ಹೆಮ್ಮೆಯಿಂದ. ಮಗಳು ಯಾಕೆ ಅತ್ತಳೆಂದು ಅವಳಿಗೆ ತಿಳಿಯಲಿಲ್ಲ. ತಿಳಿಯದಿದ್ದರೂ ತಾನೂ ಅತ್ತಳು. ಫೋನು ಇಟ್ಟ ಮೇಲೆ ಒಳಗೆ ಬಂದು ನೋಡಿದರೆ ಮುಕಾಶ್ ಪೆಟ್ಟಿಗೆಯ ಪಕ್ಕ ಕೂತು, ಮೈಮೇಲೆ ಎಚ್ಚರವಿಲ್ಲದವನಂತೆ ತೊಟ್ಟಿಲು ತೂಗುತ್ತಿದ್ದಾನೆ. ಬುರುಲ್ ಓಡಿಬಂದು ಎರಡು ಕೈಯಲ್ಲೂ ಅದನ್ನು ಹಿಡಿದು ನಿಲ್ಲಿಸಿದಳು.

"ಖಾಲಿ ತೊಟ್ಟಿಲು ತೂಗ್ತಾರೇನ್ರೀ? ಮಗುಗೆ ಆಗಲ್ಲ ಅಂತ ಗೊತ್ತಿಲ್ವಾ?"

ಮುಕಾಶ್ ಕೈ ಹಿಂದೆಗೆದುಕೊಂಡ. ಹೆದರಿಕೆ ಅವನಲ್ಲಿ ಯಾವಾಗಲೂ ಸಿಟ್ಟಾಗಿ ಹೊರಬರುವುದು. "ಹಾಗಾದ್ರೆ ಇದು ಮನೇಲಿ ಇರೋದೇ ಬೇಡ," ಎಂದು ಎದ್ದು ಕಿಟಕಿಗೆ ಹೋದ. "ಮೊಮ್ಮಗ ಸಿಕ್ಕಿದ ಮೇಲೆ ಬೀಗರಿಗೆ ನಾವು ಯಾಕೆ? ತುರ್ದುಬುಬು ಅಕ್ಕ, ನಿಮ್ಮ ಮೊಮ್ಮಗಳಿಗೆ ತೊಟ್ಟಿಲು ಬೇಕು ಅಂತಿದ್ರಲ್ಲ, ನಾಳೆ ಬೆಳಿಗ್ಗೆ ಬಂದು ತಗೊಂಡು ಹೋಗಿ."

ಗೋಡೆಯ ಮೇಲೆ ಮುಖ ಸಿದ್ಧವಾಗಿಯೇ ಇತ್ತು. "ಹಾಸಿಗೆ ಸಮೇತನಾ?" ಎಂದಿತು.

ಮರುದಿನ ಶುಕ್ರವಾರ. ಮುಕಾಶ್ ಯಾರ ಮುಖವನ್ನೂ ನೋಡದೆ ಬೇಗನೆ ಕಚೇರಿಗೆ ಹೋಗಿ ಕುಳಿತ. ಸ್ವಲ್ಪ ಹೊತ್ತಿಗೆ ಊರಾಡಳಿತದ ಮುಖ್ಯಸ್ಥ ಒರೋಜ್‌ಬಾಯ್ ಬಾಗಿಲು ದೂಡಿಕೊಂಡು ಬಂದ. ಮೊಳಕಾಲಿನವರೆಗೆ ಕೆಸರು. ಅವನ ಹಿಂದೆ ಗುದ್ದಲಿ ಹಿಡಿದ ಗಂಡಸರು ಬಾಗಿಲಲ್ಲಿ ಒಬ್ಬರ ಭುಜದ ಮೇಲಿಂದ ಒಬ್ಬರು ಇಣುಕುತ್ತಿದ್ದರು.

"ಕಾರ್ಯದರ್ಶಿಗಳಿಗೆ ಆರೋಗ್ಯ ತಾನೆ?" ಎಂದ ಒರೋಜ್‌ಬಾಯ್, ಬಹಳ ವಿನಯದಿಂದ. ಅವನು ವಿನಯದಿಂದ ಮಾತಾಡಿದರೆ ಜನ ಹಿಂದೆ ಸರಿಯುತ್ತಿದ್ದರು. "ಇಡೀ ಊರು ಬೆಳಿಗ್ಗೆಯಿಂದ ಕಾಲುವೆ ತಲೆಯಲ್ಲಿ ಹೂಳೆತ್ತೋಕೆ ನಿಂತಿದೆ. ತೂಬಿನ ಬೀಗದ ಕೈ ನಿಮ್ಮ ಜೇಬಲ್ಲಿದೆ. ನಾನು ಇಮೇಲ್ ಮಾಡಿದ್ದೆ."

"ಬಂದಿಲ್ಲ," ಎಂದ ಮುಕಾಶ್.

"ಬಹಳ ತುರ್ತು, ಕೂಡಲೇ ಕ್ರಮ ಕೈಗೊಳ್ಳಿ ಅಂತ ಮೇಲೇ ಬರೆದಿದ್ದೆ."

"ಓ," ಎಂದಳು ಶಾರಿಪಾ, ತಲೆ ಎತ್ತದೆ. "ಹಾಗಿದ್ರೆ ಬೋನಲ್ಲಿರುತ್ತೆ."

"ಯಾವ ಬೋನು?"

ಶಾರಿಪಾ ವಿವರಿಸಿದಳು. ಒರೋಜ್‌ಬಾಯ್ ಕೇಳಿ, ಕುರ್ಚಿ ಎಳೆದುಕೊಂಡು ಕೂತ. "ಸರ್ಕಾರ ಕಳಿಸಿದ ಪತ್ರಾನ ಬೋನಿಗೆ ಹಾಕಿದಾರೆ. ತೆಗೀರಿ. ನನ್ನ ಜೊತೆ ಒಳಗೆ ಇನ್ನೂ ಯಾರು ಯಾರು ಕೂತಿದಾರೆ ನೋಡೋಣ."

ತೆರೆದರು. ಲಾಟರಿಗಳ ನಡುವೆ ಸರ್ಕಾರ ಇತ್ತು. ಕೂದಲೆಣ್ಣೆಯ ಕೆಳಗೆ ಜಿಲ್ಲಾ ಪಶುವೈದ್ಯರು ಇದ್ದರು. ಶಾರಿಪಾ ಇನ್ನೂ ಕೆಳಗೆ ಹೋಗಿ, ತಟ್ಟನೆ ನಿಂತಳು.

"ಬೈಕೆ, ಅತ್‌ಬಾಶಿ ಕಾಲ್ಮುರಾತ್ ಅಂದ್ರೆ ಯಾರು?"

ಮುಕಾಶ್ ಎದ್ದು ನಿಂತ. ಕುರ್ಚಿ ಹಿಂದಕ್ಕೆ ಬಿತ್ತು.

ಜಿಪಾರಳ ಮದುವೆಯ ಊಟದಲ್ಲಿ ಅವನು ಬೀಗರ ಕೈಗೆ ತನ್ನ ಹೊಸ ವಿಸಿಟಿಂಗ್ ಕಾರ್ಡು ಕೊಟ್ಟು, ಇಮೇಲ್ ವಿಳಾಸದ ಮೇಲೆ ಬೆರಳಿಟ್ಟು, "ನನಗೆ ಏನು ಬರೀಬೇಕಾದ್ರೂ ಇಲ್ಲಿಗೇ ಬರೀರಿ ಬೀಗರೆ. ಬಿದ್ದ ತಕ್ಷಣ ಓದ್ತೀನಿ, ಓದಿದ ತಕ್ಷಣ ಉತ್ತರ," ಎಂದದ್ದು ಈಗ ನೆನಪಾಯಿತು. ಬೀಗರು ಆ ಕಾರ್ಡನ್ನು ಎರಡು ಕೈಯಲ್ಲಿ ತೆಗೆದುಕೊಂಡು, ಕರವಸ್ತ್ರದಲ್ಲಿ ಸುತ್ತಿ ಒಳಜೇಬಿಗೆ ಇಟ್ಟುಕೊಂಡಿದ್ದರು.

ಮುಕಾಶನ ಕಣ್ಣಿಗೆ ಅಕ್ಷರಗಳು ಕಾಣಿಸದೆ ಹೋದದ್ದರಿಂದ ಒರೋಜ್‌ಬಾಯ್ ಓದಿದ. ಅವನು ಸರ್ಕಾರಿ ಸುತ್ತೋಲೆ ಓದುವ ಧಾಟಿಯನ್ನು ಬಿಡಲಿಲ್ಲ.

"ವಿಷಯ: ಸುಯುಂಚು. ಪರಮಪೂಜ್ಯ ಬೀಗರಾದ ಮುಕಾಶ್ ಅವರಿಗೆ. ತಮ್ಮ ಮನೆ ಸದಾ ತುಂಬಿರಲಿ. ತಮಗೊಂದು ಬಹಳ ಒಳ್ಳೆಯ ಸುದ್ದಿ ಇದೆ. ಆದರೆ ಮೊದಲು ಏನು ಕೊಡುವಿರೆಂದು ತಿಳಿಸಿದರೆ ಮಾತ್ರ ಸುದ್ದಿ."

ಬಾಗಿಲಲ್ಲಿದ್ದ ಗುದ್ದಲಿಗಳು ಒಂದಕ್ಕೊಂದು ತಾಗಿದವು. ರೊಟ್ಟಿ ಅಂಗಡಿಯ ಮುಂದೆ ಮೂರು ಲಕ್ಷಣಗಳನ್ನು ಕೇಳದವರು ಅಲ್ಲಿ ಯಾರೂ ಇರಲಿಲ್ಲ.

"ಎರಡನೇದು. ವಿಷಯ: ಒಳ್ಳೆಯ ಸುದ್ದಿ ತಮಗಾಗಿ ಇನ್ನೂ ಕಾದಿದೆ. ಪೂಜ್ಯರೇ, ಬಹುಶಃ ಕೆಲಸದ ಒತ್ತಡ. ದಯವಿಟ್ಟು ಬೇಗನೆ ಉತ್ತರಿಸಿ. ಮೂರನೇದು ಕೆಂಪು ಅಕ್ಷರದಲ್ಲಿದೆ. ವಿಷಯ: ತುರ್ತು, ಸಂಪೂರ್ಣ ಉಚಿತ. ಬೀಗರೆ, ಸುಯುಂಚು ಬಿಟ್ಟುಕೊಟ್ಟಿದ್ದೇನೆ. ತಾವು ಏನೂ ಕೊಡಬೇಕಾಗಿಲ್ಲ. ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ದಿನ ಗೊತ್ತಾಗಿದೆ. ಮುಂದಿನ ಶುಕ್ರವಾರ. ಲಗತ್ತಿಸಿದ ಚಿತ್ರವನ್ನು ಒತ್ತಿ ನೋಡಿ."

ಶಾರಿಪಾ ಒತ್ತಿದಳು. ಒಂದು ಪುಟ್ಟ ಪಾದ ಪರದೆಯ ತುಂಬ ಬಂತು. ಹೆಬ್ಬೆರಳು ಮುಕಾಶನದೇ, ಪಕ್ಕದ ಬೆರಳಿನಿಂದ ಸಿಟ್ಟು ಮಾಡಿಕೊಂಡಂತೆ ದೂರ ಸರಿದದ್ದು.

"ನಾಲ್ಕನೇದು. ವಿಷಯ: ಕೊನೆಯ ಅವಕಾಶ." ಇಲ್ಲಿ ಒರೋಜ್‌ಬಾಯ್‌ಗೂ ಧಾಟಿ ತಪ್ಪಿತು. "ಮಾನ್ಯರೇ, ಶುಕ್ರವಾರ ನಮಾಜಿನ ನಂತರ ನೆಂಟರು ಸೇರುತ್ತಾರೆ. ಆ ಹೊತ್ತಿಗೆ ತೊಟ್ಟಿಲು ಬಾರದಿದ್ದರೆ, ಈ ಮಗುವಿಗೆ ತಾಯಿಯ ಕಡೆಯವರು ಇಲ್ಲವೆಂದು ತಿಳಿಯುತ್ತೇನೆ."



"ಬೈಕೆ," ಎಂದಳು ಶಾರಿಪಾ ಮೆಲ್ಲಗೆ, "ಬೇಜಾರು ಮಾಡ್ಕೋಬೇಡಿ. ನಾನೇ ಬೋನಾಗಿದ್ರೂ ಇವರನ್ನ ಹಿಡೀತಿದ್ದೆ."

"ಇವತ್ತೇ ಶುಕ್ರವಾರ," ಎಂದ ಮುಕಾಶ್. ಅವನ ದನಿ ಎಲ್ಲಿಂದಲೋ ಬಂದ ಹಾಗಿತ್ತು. "ತೊಟ್ಟಿಲು ಕೊಟ್ಟುಬಿಟ್ಟಿದ್ದೀನಿ."

ಒರೋಜ್‌ಬಾಯ್ ಎದ್ದ. "ಕಾಲುವೆ ನಾಳೆನೂ ಇರುತ್ತೆ. ಜೀಪು ಹತ್ತಿ."

ತುರ್ದುಬುಬು ತೊಟ್ಟಿಲನ್ನು ತನ್ನ ಮನೆಯ ನಡುವೆ ಇರಿಸಿ, ಮೊಮ್ಮಗಳನ್ನು ಹಾಕುವುದಕ್ಕೆ ಸೊಂಟ ಬಗ್ಗಿಸಿದ್ದಳು. ಮುಕಾಶ್ ಟೊಪ್ಪಿಗೆ ತೆಗೆದು ಬಾಗಿಲಲ್ಲಿ ನಿಂತ. ಅವನ ಹಿಂದೆ ಸರ್ಕಾರ, ಸರ್ಕಾರದ ಹಿಂದೆ ಗುದ್ದಲಿ ಹಿಡಿದ ಊರು.

"ಒಂದು ತೊಟ್ಟಿಲು ವಾಪಸ್ ತಗೊಳ್ಳೋಕೆ ಇಷ್ಟು ಜನಾನ?" ಎಂದಳು ತುರ್ದುಬುಬು.

ವಿಷಯ ಕೇಳಿದ ಮೇಲೆ ಅವಳು ಮೊಮ್ಮಗಳನ್ನು ಸೊಸೆಯ ಕೈಗೆ ಕೊಟ್ಟಳು. ಬೇರೆ ಮಗು ಮಲಗದ ತೊಟ್ಟಿಲೇ ಹೋಗಬೇಕಲ್ಲವೇ, ಎಂದು ತಾನೇ ಅದರ ಬಣ್ಣವನ್ನು ಸೆರಗಿನಿಂದ ಒರೆಸಿದಳು. "ಕೊಡ್ತೀನಿ. ಆದರೆ ನಾನೂ ಬರ್ತೀನಿ. ನೀನು ಹೇಳೋ ಯಂತ್ರದ ಕತೆನ ಬೀಗರು ನಂಬಲ್ಲ. ಹೇಳೋವಾಗ ಪಕ್ಕದಲ್ಲಿ ಒಬ್ಬ ಹೆಂಗಸು ಅಳ್ತಾ ನಿಂತಿರಬೇಕು. ಬುರುಲ್‌ಗೆ ಹೊತ್ತಿಗೆ ಸರಿಯಾಗಿ ಅಳೋಕೆ ಬರಲ್ಲ."

ತೊಟ್ಟಿಲನ್ನು ಜೀಪಿನ ಮೇಲೆ ಕಟ್ಟಿದರು. ಹಿಂದೆ ಒಂದು ಕುರಿ, ಬುರುಲ್, ಅವಸರದಲ್ಲಿ ಕರಿದ ಹಿಟ್ಟಿನ ಬೋರ್ಸೊಕ್‌ಗಳ ಚೀಲ, ಕಪ್ಪು ಬಟ್ಟೆ ಹಾಕಿಕೊಂಡು ಬಂದ ತುರ್ದುಬುಬು. ದೊಲೋನ್ ಕಣಿವೆಯಲ್ಲಿ ಇನ್ನೂ ಹಿಮವಿತ್ತು. ತಿರುವಿನಲ್ಲೆಲ್ಲ ಮೇಲಿನ ತೊಟ್ಟಿಲು ಕಿರುಗುಟ್ಟುತ್ತಿತ್ತು. ಖಾಲಿ ತೊಟ್ಟಿಲು ತೂಗಬಾರದೆಂದು ಬುರುಲ್ ಕಿಟಕಿಯಿಂದ ಕೈ ಹೊರಹಾಕಿ ಅದರ ಒಂದು ಕಾಲನ್ನು ದಾರಿಯುದ್ದಕ್ಕೂ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಕೈ ಮರಗಟ್ಟಿತು. ಯಾರು ಹೇಳಿದರೂ ಒಳಗೆ ತೆಗೆದುಕೊಳ್ಳಲಿಲ್ಲ.

ಅತ್‌ಬಾಶಿಯಲ್ಲಿ ನೆಂಟರ ಊಟವಾಗಿ, ಕೈ ತೊಳೆಯುವ ನೀರು ಸುತ್ತುತ್ತಿತ್ತು. ಕಾಲ್ಮುರಾತ್ ಬಿಳಿಯ ಎತ್ತರದ ಟೊಪ್ಪಿಗೆ ಹಾಕಿಕೊಂಡು ಗೇಟಿಗೆ ಬಂದರು. ಜೀಪನ್ನು ನೋಡಿದರು, ಮೇಲಿನ ತೊಟ್ಟಿಲನ್ನು ನೋಡಿದರು. ಕೈ ಚಾಚಲಿಲ್ಲ. ಬಾಗಿಲ ಬಳಿ ಜಿಪಾರ್, ಮಗುವನ್ನು ಎತ್ತಿಕೊಂಡ ಅತ್ತೆಯ ಹಿಂದೆ ನಿಂತಿದ್ದಳು. ಅವಳು ಅಪ್ಪನ ಮುಖವನ್ನು ಮಾತ್ರ ನೋಡುತ್ತಿದ್ದಳು.

"ಓದಿದ ತಕ್ಷಣ ಉತ್ತರ ಅಂದಿದ್ರಿ ಬೀಗರೆ."

"ಓದಿದ ತಕ್ಷಣವೇ ಹೊರಟೆ ಬೀಗರೆ. ಓದಿದ್ದು ಇವತ್ತು ಬೆಳಿಗ್ಗೆ. ಯಂತ್ರ ನಿಮ್ಮ ಪತ್ರಾನ ಹಿಡಿದಿಟ್ಟುಕೊಂಡಿತ್ತು."

ತುರ್ದುಬುಬು ಅಳಲು ಆರಂಭಿಸಿದಳು. ಕಾಲ್ಮುರಾತ್ ಅವಳನ್ನು ಒಮ್ಮೆ ನೋಡಿ, ಇವರು ಯಾರೆಂದು ಕೇಳದೆ ಮುಂದುವರಿಸಿದರು.

"ಇಡೀ ಆಯುಷ್ಯ ಅಂಚೆ ನಡೆಸಿದ್ದೀನಿ. ಪತ್ರ ಹಿಮದಲ್ಲಿ ಸಿಕ್ಕಿದ್ದುಂಟು, ಹೊಳೆಗೆ ಬಿದ್ದದ್ದುಂಟು, ಒಂದ್ಸಲ ಕುದುರೆ ತಿಂದದ್ದೂ ಉಂಟು. ಬೇರೆಯವರ ಪತ್ರ ಓದಿ ನೋಡಿ, ಇದು ಕೊಡೋ ಅಂಥದ್ದಲ್ಲ ಅಂತ ತಾನೇ ಇಟ್ಕೊಂಡ ಅಂಚೆಯವನನ್ನ ನಾನು ನೋಡಿಲ್ಲ. ಇದ್ದಿದ್ರೆ ಅವತ್ತೇ ಕೆಲಸದಿಂದ ತೆಗೀತಿದ್ದೆ. ಆ ಯಂತ್ರಕ್ಕೆ ನಾನು ಕಳ್ಳ ಅಂತ ಹೇಳಿಕೊಟ್ಟವರು ಯಾರು?"

ಒರೋಜ್‌ಬಾಯ್ ಸರ್ಕಾರದ ಪರವಾಗಿ ಏನೋ ಹೇಳಲು ಬಾಯಿ ತೆರೆದ. ಮುಕಾಶ್ ಅವನನ್ನು ತಡೆದ.

"ನಾನೇ ಬೀಗರೆ. ನನಗೆ ಯಾರೂ ಮೋಸ ಮಾಡಬಾರದು ಅಂತ."

"ಎಲ್ಲಿ ಅನುಮಾನ ಬಂತು ಅದಕ್ಕೆ?"

"ಪರಮಪೂಜ್ಯ ಅಂದ ಕಡೆ ಇರಬೇಕು."

"ಆಮೇಲೆ?"

"ಒಳ್ಳೆ ಸುದ್ದಿ ಅಂದ ಕಡೆ."

"ಉಚಿತ ಅಂದದ್ದು?"

"ಅದೂ."

ಕಾಲ್ಮುರಾತ್ ಒಂದೊಂದಾಗಿ ಬೆರಳು ಮಡಿಚಿದರು. "ಮರ್ಯಾದೆ ಕೊಡೋ ಹಾಗಿಲ್ಲ, ಸಂತೋಷ ಹೇಳೋ ಹಾಗಿಲ್ಲ, ಕೊಟ್ಟರೂ ತಪ್ಪು. ಹಾಗಾದ್ರೆ ಮನುಷ್ಯರು ಅದರಲ್ಲಿ ಏನು ಬರೀಬೇಕು?"

"ಗೊತ್ತಿಲ್ಲ ಬೀಗರೆ. ಸ್ವಲ್ಪ ಬೈದು ಬರೆದ್ರೆ ದಾಟುತ್ತೇನೋ."

ಒಳಗೆ ಮಗು ಅಳತೊಡಗಿತು. ಬೀಗಿತ್ತಿ, "ಗಂಡಸರ ಅಂಚೆ ವ್ಯವಹಾರ ಮುಗಿದಿದ್ರೆ ತೊಟ್ಟಿಲು ಒಳಗೆ ತನ್ನಿ. ಮಗು ನೆಂಟರ ಕೈಯಿಂದ ಕೈಗೆ ಹೋಗಿ ಸುಸ್ತಾಗಿದೆ," ಎಂದರು. ಮುಕಾಶ್ ತಾನೇ ಹಗ್ಗ ಬಿಚ್ಚಿ ತೊಟ್ಟಿಲನ್ನು ಹೊತ್ತು ಹೊಸ್ತಿಲು ದಾಟಿದ. ದಾಟುವಾಗ ತೋಳಿನ ಗಡಿಯಾರ ಬಿಚ್ಚಿ ಬೀಗರ ಕಡೆ ಚಾಚಿದ. "ಸುಯುಂಚು ಬಾಕಿ ಇದೆ."

"ಉಚಿತ ಅಂತ ಬರೆದಾಗಿದೆ," ಎಂದರು ಕಾಲ್ಮುರಾತ್. "ಬರೆದದ್ದು ಬರೆದದ್ದೇ." ಆದರೆ ಈಗ ಅವರ ಕೈ ಚಾಚಿತ್ತು, ಮುಕಾಶನ ಕೈಯನ್ನು ಗಡಿಯಾರ ಸಮೇತ ಹಿಡಿದುಕೊಂಡರು.

ಮಗುವನ್ನು ಹಾಕಿ, ಪಟ್ಟಿ ಕಟ್ಟಿ, ತೂಗಿದರು. ಬುರುಲ್ ಆಗ ಮಾತ್ರ ತನ್ನ ಮರಗಟ್ಟಿದ ಕೈಯನ್ನು ತೊಟ್ಟಿಲಿನಿಂದ ತೆಗೆದಳು. ಜಿಪಾರ್ ಆ ಕೈಯನ್ನು ತನ್ನ ಎರಡು ಅಂಗೈಗಳ ನಡುವೆ ಇಟ್ಟುಕೊಂಡು ಕೂತಳು.

ಊರಿಗೆ ಮರಳಿದ ಮೇಲೆ ಮುಕಾಶ್ ಗೋಡೆಯ ಮೇಲಿನ ಆ ಒಂದು ಸಾಲನ್ನು ಕಿತ್ತು ತೆಗೆದ. ಬೋನನ್ನು ಸಡಿಲ ಮಾಡಿಸಿದ. ಸೇನಾಪತಿಗಳು ಚಿನ್ನದ ಸಮೇತ ನುಗ್ಗಿದ ಮೇಲೆ ಮತ್ತೆ ಸ್ವಲ್ಪ ಬಿಗಿ ಮಾಡಿಸಿದ. ಈಗ ಬೆಳಿಗ್ಗೆ ಬಂದವನೇ ಮೊದಲು ಬೋನಿನ ಮುಂದೆ ಕೂತು, ಒಳಗೆ ಬಿದ್ದ ಒಬ್ಬೊಬ್ಬರ ಹೆಸರನ್ನೂ ಓದುತ್ತಿದ್ದ. ರೊಟ್ಟಿ ಅಂಗಡಿಯ ಮುಂದೆ ಸುಮ್ಮನೆ ನಿಂತಿರುತ್ತಿದ್ದ.

ಮುಂದಿನ ವರ್ಷ ಹಿಮ ಕರಗುವ ಹೊತ್ತಿಗೆ ಒಂದು ದಿನ, ಬೋನಿನಲ್ಲಲ್ಲ, ನೇರ ಮುಂಬಾಗಿಲಲ್ಲೇ ಒಂದು ಪತ್ರ ಬಂದು ನಿಂತಿತ್ತು. ವಿಷಯದ ಜಾಗ ಖಾಲಿ.

"ಮುಕಾಶ್. ಹುಡುಗ ನಡೆಯುತ್ತಿದ್ದಾನೆ. ಇದರಲ್ಲಿ ವಿಶೇಷವೇನೂ ಇಲ್ಲ. ಭಾನುವಾರ ಮೊದಲ ಹೆಜ್ಜೆಯ ಶಾಸ್ತ್ರ, ಅವನ ಕಾಲಿಗೆ ದಾರ ಕಟ್ಟಿ ಕತ್ತರಿಸುತ್ತೇವೆ. ನೀನು ಬರುವ ಅಗತ್ಯವಿಲ್ಲ. ಏನೂ ತರಬೇಡ. ಅವಸರವೂ ಇಲ್ಲ. ಕಾಲ್ಮುರಾತ್."

ಶಾರಿಪಾ ಅವನ ಭುಜದ ಮೇಲಿಂದ ಇಣುಕಿ ಓದಿದಳು. "ಯಾರು ಬೈಕೆ ಇದು, ಇಷ್ಟು ಒರಟಾಗಿ ಬರೆದಿರೋದು?"

"ನಮ್ಮ ಬೀಗರು," ಎಂದ ಮುಕಾಶ್, ಕನ್ನಡಕ ತೆಗೆದು ಒರೆಸಿಕೊಳ್ಳುತ್ತ.

ಅವನು ಒಂದೇ ಬೆರಳಿನಲ್ಲಿ, ಬಹಳ ಎಚ್ಚರಿಕೆಯಿಂದ ಉತ್ತರ ಒತ್ತಿದ: "ಬರುವುದಿಲ್ಲ. ಮುಕಾಶ್." ಅದು ಹೋಯಿತೆಂದು ಶಾರಿಪಾಳಿಂದ ಖಚಿತಪಡಿಸಿಕೊಂಡು, ತೂಬಿನ ಬೀಗದ ಕೈಯನ್ನು ಅವಳ ಮೇಜಿನ ಮೇಲಿಟ್ಟು, ಟೊಪ್ಪಿಗೆ ಹಾಕಿಕೊಂಡ. ದಾರಿಯಲ್ಲಿ ಯಾರ ಜೊತೆಗೂ ನಿಲ್ಲಲಿಲ್ಲ. ಮನೆಯ ಗೇಟಿನ ಹೊರಗೇ ನಿಂತು, ಗೋಡೆಯ ಮೇಲೆ ಆಗಲೇ ಮೂಡಿದ ಮುಖಕ್ಕೂ ಕೇಳಿಸುವಂತೆ ಕೂಗಿದ:

"ಬುರುಲ್, ಸುಯುಂಚು. ಮೊದಲು ಏನು ಕೊಡ್ತೀಯಾ ಹೇಳು."